ಉಪ್ಪುನೀರು ಹೊಳೆ ಹತ್ತುವಾಗ ಗಾಳ ಎಲ್ಲಿ ಹಾಕಬೇಕು?

ದೀಪಾವಳಿಯ ಹೊತ್ತಿಗೆ ಕೈತುಂಬ ಮೀನು ಕೊಟ್ಟ ಜಾಗದಲ್ಲಿ ಯುಗಾದಿಯ ಹೊತ್ತಿಗೆ ಒಂದೂ ಕಚ್ಚುವುದಿಲ್ಲ. ಕರಾವಳಿಯಲ್ಲಿ ಹವ್ಯಾಸಕ್ಕೆ ಗಾಳ ಹಿಡಿಯುವವರಿಂದ ಮಾರ್ಚ್ ತಿಂಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಇದು. ರಜೆಗೆಂದು ಬೆಂಗಳೂರು, ಮುಂಬಯಿಯಿಂದ ಊರಿಗೆ ಬಂದವರ ಪಾಡು ಇನ್ನೂ ಕಷ್ಟದ್ದು. ಹೊಸ ರಾಡು, ರೀಲು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು ಎಲ್ಲ ಇರುತ್ತದೆ. ಆದರೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಸೇತುವೆ ಮೇಲೆ ನಿಂತು, ಬರಿಗೈಯಲ್ಲಿ ಮನೆಗೆ ಮರಳುತ್ತಾರೆ. ಹೊಳೆಯಲ್ಲಿ ಮೀನು ಇಲ್ಲವೆಂದಲ್ಲ. ಅದು ಜಾಗ ಬದಲಿಸಿದೆ, ತಿನ್ನುವ ಹೊತ್ತನ್ನೂ ಬದಲಿಸಿದೆ. ಅದರ ಹಿಂದಿರುವ ಕಾರಣ ತಿಳಿದರೆ ದುಬಾರಿ ಸಾಮಾನು ಇಲ್ಲದಿದ್ದರೂ ನಡೆಯುತ್ತದೆ.

ಹೊಳೆಯಲ್ಲಿ ಬೇಸಿಗೆಗೆ ಏನಾಗುತ್ತದೆ?

ಮಳೆಗಾಲದಲ್ಲಿ ನಮ್ಮ ಹೊಳೆಗಳು ಸಮುದ್ರವನ್ನು ಅಳಿವೆಯಿಂದಾಚೆಗೆ ತಳ್ಳಿಬಿಡುತ್ತವೆ. ಜುಲೈಯಲ್ಲಿ ಅಳಿವೆಬಾಗಿಲಿನ ನೀರೂ ಬಹುಪಾಲು ಸಿಹಿಯೇ. ಮಳೆ ನಿಂತು ಹರಿವು ಸೊರಗಿದಂತೆ ಸಮುದ್ರ ಒಳಗೆ ನುಗ್ಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಅದು ಸಿಹಿನೀರಿಗಿಂತ ಭಾರ. ಹಾಗಾಗಿ ಅದು ಮೇಲಿನಿಂದ ಬರುವುದಿಲ್ಲ, ಹೊಳೆಯ ತಳ ಹಿಡಿದು ಮೇಲಕ್ಕೆ ತೆವಳುತ್ತದೆ. ಮೇಲಿನ ನೀರು ಬಾಯಿಗೆ ಚಪ್ಪೆ ಎನಿಸಿದರೂ ಒಂದು ಆಳು ಕೆಳಗೆ ಉಪ್ಪಿರಬಹುದು.

ಉಪ್ಪಿನ ಹಿಂದೆಯೇ ಕಾಣೆ, ಕೆಂಬೇರಿ, ಸಿಗಡಿ, ಏಡಿ ಒಳಕ್ಕೆ ಬರುತ್ತವೆ. ಉಪ್ಪು ಸಹಿಸದ ಕೊರವ, ಮುಗುಡುಗಳು ಮೇಲಿನ ಕಯಗಳಿಗೆ, ಗದ್ದೆ ಬದಿಯ ತೋಡುಗಳಿಗೆ ಸರಿಯುತ್ತವೆ. ಈ ಎರಡರ ನಡುವೆ ನೀರು ಕಲೆಯುವ ಪಟ್ಟಿಯಲ್ಲಿ ಮರಿಮೀನು, ಸಿಗಡಿ ಹೇರಳ. ಅವುಗಳ ಬೆನ್ನು ಹಿಡಿದು ಕುರುಡಿಯೂ ಅಲ್ಲಿಗೆ ಬರುತ್ತದೆ. ಪೇಟೆಯಲ್ಲಿ ಸೀಬಾಸ್ ಎಂಬ ಹೆಸರಿನಲ್ಲಿ ಮಾರುವ ಮೀನೇ ಕುರುಡಿ. ಉಪ್ಪು, ಸಿಹಿ ಎರಡೂ ಅದಕ್ಕೆ ಒಗ್ಗುತ್ತವೆ. ದೀಪಾವಳಿಗೆ ಈ ಪಟ್ಟಿ ಅಳಿವೆಯ ಹತ್ತಿರ ಇತ್ತು. ಮಾರ್ಚ್‌ನಲ್ಲಿ ಕೆಲವು ಕಿಲೋಮೀಟರ್ ಮೇಲಕ್ಕೆ ಹೋಗಿದೆ. ನೀವು ಮಾತ್ರ ಹಳೆಯ ಜಾಗದಲ್ಲೇ ನಿಂತಿದ್ದೀರಿ.

ಎಲ್ಲ ಹೊಳೆಗಳಿಗೂ ಒಂದೇ ಲೆಕ್ಕ ಹಾಕಬೇಡಿ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಬೇಸಿಗೆಯಲ್ಲಿ ಅದರ ಹರಿವು ತಾನಾಗಿಯೇ ಇಳಿದು ಉಪ್ಪು ಒಳಗೆ ಬರುತ್ತದೆ, ಬಳಚು ಚಿಪ್ಪು ಅಲ್ಲಿ ಅಷ್ಟೊಂದು ಬೆಳೆಯುವುದೂ ಅದರಿಂದಲೇ. ಪಕ್ಕದ ಶರಾವತಿಯಲ್ಲಿ ಗೇರುಸೊಪ್ಪೆಯಿಂದ ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಉಪ್ಪು ಅಷ್ಟಾಗಿ ಮೇಲೇರುವುದಿಲ್ಲ. ಕದ್ರಾ ಅಣೆಕಟ್ಟಿನ ಕೆಳಗಿನ ಕಾಳಿಗೂ, ವಿದ್ಯುದಾಗಾರದ ನೀರು ಸೇರುವ ವಾರಾಹಿಗೂ ಇದೇ ಮಾತು. ನೇತ್ರಾವತಿಯ ನೀರನ್ನು ಮಂಗಳೂರಿನ ಕುಡಿಯುವ ನೀರಿಗಾಗಿ ತುಂಬೆಯಲ್ಲಿ ಕಟ್ಟಿ ನಿಲ್ಲಿಸುವುದರಿಂದ ಅದರ ಕೆಳಗೆ ಹರಿವು ತೀರಾ ಕಡಿಮೆ. ಉಪ್ಪು ತಡೆಯಲೆಂದೇ ಈಗ ಹರೇಕಳ–ಅಡ್ಯಾರು ನಡುವೆ ಕಿಂಡಿ ಅಣೆಕಟ್ಟು ಬಂದಿದೆ. ನಿಮ್ಮ ಹೊಳೆಯ ಮೇಲ್ಗಡೆ ಏನು ಕಟ್ಟಿದ್ದಾರೆ ಎನ್ನುವುದೇ ನೀವು ತಿಳಿಯಬೇಕಾದ ಮೊದಲ ಸಂಗತಿ.

ಉಪ್ಪಿನ ಗಡಿ ಪತ್ತೆ ಮಾಡುವುದು

1. ಸೇತುವೆಯ ಕಂಬ, ದಕ್ಕೆಯ ಕಲ್ಲು ನೋಡಿ. ಕಾಲು ಕೊಯ್ಯುವಂಥ ಬಿಳಿ ಚಿಪ್ಪು ಅಂಟಿದ್ದರೆ ಅಲ್ಲಿ ವರ್ಷದ ಹಲವು ತಿಂಗಳು ಉಪ್ಪು ನಿಲ್ಲುತ್ತದೆ ಎಂದರ್ಥ. ಮೇಲಕ್ಕೆ ಹೋದಂತೆ ಚಿಪ್ಪು ತೆಳುವಾಗಿ, ಒಂದು ಕಡೆ ಪೂರ್ತಿ ನಿಲ್ಲುತ್ತದೆ. ಗಡಿ ಅಲ್ಲೇ ಆಸುಪಾಸು.

2. ದಡದ ಗಿಡ ನೋಡಿ. ಕಾಂಡ್ಲಾ ದಟ್ಟವಾಗಿರುವಲ್ಲಿ ಉಪ್ಪು ಖಾಯಂ. ಕಾಂಡ್ಲಾ ಮುಗಿದು ಬಿದಿರು, ಅಡಿಕೆ ತೋಟ ನೀರಂಚಿಗೇ ಬಂದಿದ್ದರೆ ನೀವು ಸಿಹಿನೀರಿಗೆ ಬಂದಿದ್ದೀರಿ.

3. ಅನುಮಾನ ಉಳಿದರೆ ಒಂದು ಬಾಟಲಿಗೆ ಸೀಸದ ಗುಂಡು ಕಟ್ಟಿ, ಮುಚ್ಚಳದ ಬದಲು ಬಿರಡೆ ಹಾಕಿ, ಬಿರಡೆಗೆ ಬೇರೆ ದಾರ ಕಟ್ಟಿ ತಳಕ್ಕೆ ಇಳಿಸಿ. ತಳ ಮುಟ್ಟಿದ ಮೇಲೆ ಬಿರಡೆ ಎಳೆದರೆ ಅಲ್ಲಿಯ ನೀರೇ ತುಂಬುತ್ತದೆ. ನಾಲಿಗೆಗೆ ಒಂದು ಹನಿ ಸಾಕು. ಚರಂಡಿ ಸೇರುವ ಕಡೆ ಮಾತ್ರ ಈ ಪರೀಕ್ಷೆ ಬೇಡ.

ತಿಥಿ ನೋಡಿ ಹೊರಡಿ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರನ ದಿನ 24 ಗಂಟೆ 50 ನಿಮಿಷದ್ದಾದ್ದರಿಂದ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನ, ಮೂರನೆಯ ದಿನ ನೀರಿನ ಏರಿಳಿತ ಜೋರು, ಒಂದೂವರೆಯಿಂದ ಎರಡು ಮೀಟರ್‌ವರೆಗೆ. ಅಷ್ಟಮಿಯ ಆಸುಪಾಸಿನಲ್ಲಿ ನೀರು ಹೆಚ್ಚು ಕದಲುವುದೇ ಇಲ್ಲ.

ನೀರು ಕದಲಿದರೆ ಮೀನು ತಿನ್ನುತ್ತದೆ. ಹೊಸ ನೀರು ಮಣ್ಣಿನ ಹುಳ, ಸಿಗಡಿಗಳನ್ನು ಎಬ್ಬಿಸುತ್ತದೆ, ಮರಿಮೀನುಗಳನ್ನು ದಡದತ್ತ ತಳ್ಳುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯದು ಏಳೂವರೆಯಷ್ಟು ಮಾತ್ರ. ನಿಂತ ಬಿಸಿನೀರಿನಲ್ಲಿ ಮೀನು ಮೈ ಕದಲಿಸದೆ ಬಿದ್ದಿರುತ್ತದೆ. ಸಮುದ್ರದಿಂದ ಬರುವ ಉಬ್ಬರದ ನೀರು ತಂಪು ತರುತ್ತದೆ, ಉಸಿರನ್ನೂ ತರುತ್ತದೆ.

ಹಾಗಾದರೆ ಬೇಕಾದ್ದು ತಂಪು ಹೊತ್ತು, ಜೊತೆಗೆ ಏರುವ ನೀರು. ಇವೆರಡೂ ಕೂಡುವ ದಿನಗಳನ್ನು ಪಂಚಾಂಗವೇ ಹೇಳುತ್ತದೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ಪೂರ್ತಿಯಾಗುವುದು ಮಧ್ಯಾಹ್ನ ಮತ್ತು ನಡುರಾತ್ರಿಗೆ ತುಸು ಮುಂಚೆ. ಅಂದರೆ ಬೆಳಗಿನ ಜಾವ ಇಳಿತ ಮುಗಿದು, ಸೂರ್ಯ ಹುಟ್ಟುವ ಹೊತ್ತಿಗೆ ನೀರು ಏರತೊಡಗುತ್ತದೆ. ಆರರಿಂದ ಒಂಬತ್ತರವರೆಗೆ ಅಳಿವೆ, ಹಿನ್ನೀರಿನಲ್ಲಿ ಗಾಳ ಹಾಕಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಸಿಗೆಯಲ್ಲಿ ಇಲ್ಲ. ಅಷ್ಟಮಿಯ ಸುಮಾರಿಗೆ ಲೆಕ್ಕ ತಿರುಗುತ್ತದೆ, ಬೆಳಿಗ್ಗೆ ನೀರು ಇಳಿಯುತ್ತಿರುತ್ತದೆ, ಸಂಜೆಯ ಮುಂಚೆ ಏರುತ್ತದೆ. ಆ ವಾರ ಸಂಜೆ ಹೋಗಿ, ಇಲ್ಲವೇ ಸಿಹಿನೀರಿನ ಕಯಗಳಿಗೆ ಹೋಗಿ. ಅಳಿವೆಯಿಂದ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ ಎನ್ನುವುದನ್ನು ಕೂಡಿಸಿಕೊಳ್ಳಿ. ನಿಖರ ಸಮಯ ಬೇಕಿದ್ದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತ ಪಟ್ಟಿ ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯೂ ಮುನ್ಸೂಚನೆ ಕೊಡುತ್ತದೆ.

ಉಪ್ಪುನೀರಿನಲ್ಲಿ: ಕಾಣೆಯಿಂದ ಶುರುಮಾಡಿ

ಹೊಸಬರಿಗೆ ಕಾಣೆಗಿಂತ ಒಳ್ಳೆಯ ಗುರು ಇಲ್ಲ. ಮರಳು ತಳವಿರುವ ಎಲ್ಲ ಅಳಿವೆಗಳಲ್ಲೂ ಸಿಗುತ್ತದೆ, ಚಿಕ್ಕ ಸಾಮಾನು ಸಾಕು, ಬಾಣಲೆಗೆ ಹಾಕಿದರೆ ರುಚಿಯ ಮಾತೇ ಬೇಡ. ಅದು ಮರಳಿನೊಳಗಿನ ಹುಳ, ಚಿಕ್ಕ ಸಿಗಡಿ ಹುಡುಕಿ ತಿನ್ನುವ ಮೀನು, ಬೆದರಿದರೆ ಮರಳಿನಲ್ಲೇ ಹುದುಗುತ್ತದೆ. ಆದ್ದರಿಂದ ಎರೆ ತಳದಲ್ಲೇ ಇರಬೇಕು.

1. ದಾರ ತೆಳುವಾಗಿರಲಿ, 0.25ರಿಂದ 0.30 ಮಿಲಿಮೀಟರ್ ದಪ್ಪದ ನೈಲಾನ್. ರಾಡು ಇಲ್ಲದಿದ್ದರೆ ಕೈದಾರವೇ ಸಾಕು. ಕಾಣೆಯ ಮೆಲ್ಲನೆಯ ಕಚ್ಚು ಬೆರಳಿಗೆ ತಿಳಿಯುವಷ್ಟು ರಾಡಿಗೆ ತಿಳಿಯುವುದಿಲ್ಲ.

2. ಗಾಳ ಚಿಕ್ಕದು, 8ರಿಂದ 12ನೇ ನಂಬರು. ಕಾಣೆಯ ಬಾಯಿ ಕಿರಿದು. ದೊಡ್ಡ ಗಾಳ ಹಾಕಿದರೆ ಎರೆ ಮಾತ್ರ ಹೋಗುತ್ತದೆ.

3. ನೀರಿನ ಸೆಳೆತಕ್ಕೆ ತಕ್ಕಂತೆ 10ರಿಂದ 20 ಗ್ರಾಂ ಸೀಸ. ಗುಂಡು ದಾರದ ಮೇಲೆ ಜಾರುವಂತಿರಲಿ. ಕಚ್ಚಿದ ಮೀನಿಗೆ ಭಾರ ಗೊತ್ತಾಗಬಾರದು.

4. ಎರೆಗೆ ಸಿಪ್ಪೆ ಸುಲಿದ ಸಿಗಡಿಯ ಚಿಕ್ಕ ತುಂಡು, ಇಲ್ಲವೇ ಇಳಿತದಲ್ಲಿ ಕೆಸರಿನಿಂದ ಕೆದಕಿದ ಹುಳ. ಗಾಳದ ತುದಿ ಹೊರಗೆ ಇಣುಕುತ್ತಿರಲಿ.

5. ಎಸೆದ ಮೇಲೆ ಸುಮ್ಮನೆ ಕೂರಬೇಡಿ. ನಿಧಾನ ಒಂದು ಮೊಳ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಮರಳಿನ ಮೇಲೆ ಏಳುವ ಪುಟ್ಟ ದೂಳೇ ಕಾಣೆಯನ್ನು ಕರೆಯುತ್ತದೆ.

ಇಳಿತದಲ್ಲಿ ಒಮ್ಮೆ ಹೋಗಿ ತಳ ನೋಡಿ ಬಂದವರಿಗೆ ಅರ್ಧ ಕೆಲಸ ಆದಂತೆ. ಮರಳದಿಣ್ಣೆ ಎಲ್ಲಿ ಕುಸಿಯುತ್ತದೆ, ಎಲ್ಲಿ ಕಾಲುವೆಯಂಥ ತಗ್ಗಿದೆ ಎನ್ನುವುದು ಆಗ ಬಯಲಾಗಿ ಕಾಣುತ್ತದೆ. ಉಬ್ಬರ ಏರುವಾಗ ಮೀನು ಆ ತಗ್ಗಿನ ದಾರಿಯಲ್ಲೇ ಬರುತ್ತದೆ.

ಕುರುಡಿ, ಕೆಂಬೇರಿಯ ಬೇಟೆ ಬೇರೆ ಬಗೆಯದು. ಎರಡೂ ಮರೆಯಲ್ಲಿ ಹೊಂಚುವ ಮೀನುಗಳು. ಕಾಂಡ್ಲಾ ಬೇರು, ಸೇತುವೆ ಕಂಬದ ನೆರಳು, ಕಿಂಡಿ ಅಣೆಕಟ್ಟಿನ ಕೆಳಗಿನ ಕಲ್ಲುಗಳು ಅವುಗಳ ಮನೆ. ಇಲ್ಲಿ ಜೀವಂತ ಸಿಗಡಿಯನ್ನು ಮೀರಿದ ಎರೆ ಇಲ್ಲ. ಅದರ ತಲೆಯ ಕಪ್ಪು ಭಾಗಕ್ಕೆ ತಾಗದಂತೆ ಕೊಂಬಿನ ಬುಡದಲ್ಲಿ ಗಾಳ ಸಿಕ್ಕಿಸಿದರೆ ಬಹಳ ಹೊತ್ತು ಈಜುತ್ತಿರುತ್ತದೆ. ಗಾಳ 1/0ರಿಂದ 3/0. ಕೊನೆಯ ಎರಡು ಮೊಳಕ್ಕೆ ದಪ್ಪ ದಾರ ಕಟ್ಟಲೇಬೇಕು, ಕುರುಡಿಯ ಕಿವಿರು ಮುಚ್ಚಳದ ಅಂಚು ಅಲಗಿನಷ್ಟು ಹರಿತ. ಕೆಂಬೇರಿ ಕಚ್ಚಿದ ಕ್ಷಣವೇ ಬೇರಿನೊಳಗೆ ನುಗ್ಗುತ್ತದೆ, ಮೊದಲ ಎಳೆತದಲ್ಲೇ ಅದನ್ನು ಹೊರಕ್ಕೆ ತಿರುಗಿಸದಿದ್ದರೆ ಮೀನೂ ಇಲ್ಲ, ದಾರವೂ ಇಲ್ಲ.

ಒಂದು ಕೋರಿಕೆ. ಕುರುಡಿ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುತ್ತದೆ. ದೊಡ್ಡ ಕುರುಡಿಗಳು ಬಹುಪಾಲು ಮೊಟ್ಟೆಯಿಡುವ ಹೆಣ್ಣುಗಳೇ. ತೀರ ದೊಡ್ಡದು ಸಿಕ್ಕರೆ ಫೋಟೊ ತೆಗೆದು ನೀರಿಗೆ ಬಿಡಿ. ಊಟಕ್ಕೆ ನಡುಗಾತ್ರದ್ದೇ ರುಚಿ.

ಸಿಹಿನೀರಿನಲ್ಲಿ

ಏಪ್ರಿಲ್ ಹೊತ್ತಿಗೆ ಮೇಲಿನ ಹೊಳೆ ಕಯಗಳ ಸಾಲಾಗಿ ಒಡೆದಿರುತ್ತದೆ. ಮೀನು ದಟ್ಟವಾಗಿರುತ್ತದೆ, ಆದರೆ ನೀರು ತಿಳಿಯಾಗಿ ನಿಮ್ಮ ನೆರಳಿಗೂ ಬೆದರುತ್ತದೆ. ದಡದಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಕುಳಿತು ಎಸೆಯಿರಿ. ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಗಂಟೆ, ಅಷ್ಟೇ. ನಡುಹಗಲಲ್ಲಿ ಕೂತು ಪ್ರಯೋಜನವಿಲ್ಲ.

ಕೊರವ ಇದಕ್ಕೆ ಸ್ವಲ್ಪ ಹೊರತು. ತುಳುವಿನಲ್ಲಿ ಮಡೆಂಜಿ ಎನ್ನುವ ಈ ಮೀನು ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ, ಆದ್ದರಿಂದ ಬಿಸಿಯಾದ, ಪಾಚಿಗಟ್ಟಿದ ಕೆರೆಯಲ್ಲೂ ಚುರುಕಾಗಿರುತ್ತದೆ. ಜೊಂಡು, ತಾವರೆಯೆಲೆಯ ಅಂಚಿನಲ್ಲಿ ಗುಳ್ಳೆ ಬಿಟ್ಟು ಮುಳುಗುವುದನ್ನು ನೋಡಿ ಜಾಗ ಗುರುತಿಸಿ. ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಕುಪ್ಪಳಿಸುತ್ತ ಎಳೆಯಿರಿ. ಹಾರಿ ಹಿಡಿದ ಕೂಡಲೇ ಎಳೆಯುವುದು ಎಲ್ಲರ ಚಟ. ಅದು ಬಾಯಿ ಮುಚ್ಚಿ ತಿರುಗುವಷ್ಟು ಹೊತ್ತು ತಡೆದು ಆಮೇಲೆ ಎಳೆಯಿರಿ.

ಮಕ್ಕಳನ್ನು ಕರೆದೊಯ್ದರೆ ಜಿಲೇಬಿ ಮೀನು ಸರಿ. ಬಿದಿರು ಕೋಲು, ಬೆಂಡು, ಎರೆಹುಳು ಅಥವಾ ಗೋಧಿಹಿಟ್ಟಿನ ಉಂಡೆ, ಇಷ್ಟಿದ್ದರೆ ಸಾಕು. ಇದು ಹೊರದೇಶದಿಂದ ಬಂದು ನಮ್ಮ ನೀರನ್ನೆಲ್ಲ ಆವರಿಸಿದ ಮೀನು, ಎಷ್ಟು ಹಿಡಿದರೂ ಕೊರಗಬೇಕಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೂ ನೀರಿಗೆ ಮರಳಿ ಬಿಡಬೇಡಿ, ನಮ್ಮ ಮುಗುಡಿನ ಜಾಗವನ್ನು ಅದು ಕಬಳಿಸುತ್ತಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಉಪ್ಪುನೀರಿಗೆ ಎರೆಹುಳು ಒಯ್ಯುವುದು. ಅದು ಉಪ್ಪು ತಾಗಿದ ಕೂಡಲೇ ಸತ್ತು ಸಪ್ಪೆಯಾಗುತ್ತದೆ. ಸಿಗಡಿ, ಬೂತಾಯಿ ತುಂಡು ಒಯ್ಯಿರಿ.

ದೂರ ಎಸೆಯುವ ಹಟ. ಏರುವ ನೀರಿನಲ್ಲಿ ಮೀನು ದಡಕ್ಕೇ ಬರುತ್ತದೆ. ನೀವು ಮೊಣಕಾಲು ನೀರಿಗಿಳಿದು ಐವತ್ತು ಮೀಟರ್ ಆಚೆ ಎಸೆದರೆ ಮೀನು ನಿಮ್ಮ ಬೆನ್ನ ಹಿಂದೆ ಇರುತ್ತದೆ.

ಒಂದೇ ಕಡೆ ಬೇರೂರುವುದು. ನೀರು ಸರಿಯಿದ್ದೂ ಅರ್ಧ ಗಂಟೆಯಲ್ಲಿ ಏನೂ ಮುಟ್ಟದಿದ್ದರೆ ನೂರು ಹೆಜ್ಜೆ ಆಚೆಗೆ ಹೋಗಿ.

ಸಾಮಾನು ತೊಳೆಯದೆ ಇಡುವುದು. ಉಪ್ಪುನೀರಿನಿಂದ ಬಂದ ರೀಲು, ಗಾಳಗಳನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸದಿದ್ದರೆ ಮಳೆಗಾಲಕ್ಕೆ ಮೊದಲೇ ತುಕ್ಕು ತಿನ್ನುತ್ತದೆ.

ಬಲೆ ಬಿಟ್ಟ ಕಡೆ ಗಾಳ ಎಸೆಯುವುದು. ಮೊಗವೀರರಿಗೆ, ಅಂಬಿಗರಿಗೆ, ಹರಿಕಂತ್ರರಿಗೆ ಅದು ದಿನದ ಅನ್ನ. ಬಳಚು ಆರಿಸುವ ಹೆಂಗಸರು ಬರಿಗಾಲಲ್ಲಿ ನಡೆಯುವ ದಿಣ್ಣೆಯಲ್ಲಿ ತುಂಡಾದ ಗಾಳ, ದಾರ ಬಿಟ್ಟು ಬರಬೇಡಿ. ಇಷ್ಟು ಮರ್ಯಾದೆ ಇಟ್ಟುಕೊಂಡು ಕೇಳಿದರೆ ನೀರಿನ ಬಗ್ಗೆ ಅವರು ಹೇಳಿಕೊಡುವಷ್ಟನ್ನು ಯಾವ ಲೇಖನವೂ ಹೇಳಿಕೊಡಲಾರದು.

ಎಚ್ಚರಿಕೆ

ಶೇಡೆ ಮೀನಿನ ಬೆನ್ನಿನಲ್ಲಿ ಒಂದು, ಎರಡು ಪಕ್ಕದಲ್ಲಿ ಒಂದೊಂದು ಗರಗಸದಂಥ ಮುಳ್ಳಿದೆ. ಗಾಳ ಬಿಡಿಸುವಾಗ ಇಕ್ಕಳ ಬಳಸಿ, ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ. ತೊರಕೆ ಮರಳಿನಲ್ಲಿ ಅಡಗಿರುತ್ತದೆ. ಕಾಲೆತ್ತಿ ಇಡದೆ, ತಳ ಉಜ್ಜುತ್ತ ನಡೆದರೆ ಅದು ತಾನೇ ಸರಿಯುತ್ತದೆ. ಎರಡರಲ್ಲಿ ಯಾವುದು ಚುಚ್ಚಿದರೂ ಗಾಯ ತೊಳೆದು, ಸುಡದಷ್ಟು ಬಿಸಿನೀರಿನಲ್ಲಿ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ, 30ರಿಂದ 90 ನಿಮಿಷ ಅದ್ದಿಡಿ. ಶಾಖಕ್ಕೆ ಆ ನಂಜು ಬಲ ಕಳೆದುಕೊಳ್ಳುತ್ತದೆ. ಗಾಯವಿಲ್ಲದ ಕೈಯಿಂದ ಬಿಸಿ ಪರೀಕ್ಷಿಸಿ. ಆಮೇಲೆ ವೈದ್ಯರ ಹತ್ತಿರ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರಬಹುದು. ಎದೆ, ಹೊಟ್ಟೆಗೆ ಚುಚ್ಚಿದ್ದರೆ ಮುಳ್ಳು ಕೀಳದೆ ನೇರ ಆಸ್ಪತ್ರೆಗೆ.

ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು ಸಿಕ್ಕರೆ ತಿನ್ನಬೇಡಿ, ಬೆಕ್ಕಿಗೂ ಹಾಕಬೇಡಿ. ಅದರ ವಿಷ ಬೇಯಿಸಿದರೆ ಹೋಗುವುದಿಲ್ಲ.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ನೀರಿನಂಚು ಬಿಡಿ. ಕಾರ್ಬನ್ ರಾಡು ವಿದ್ಯುತ್ತನ್ನು ಹರಿಯಬಿಡುತ್ತದೆ, ಸಿಡಿಲಿಗೂ ಸರಿ, ತಲೆಯ ಮೇಲಿನ ತಂತಿಗೂ ಸರಿ. ಮಳೆಗಾಲದ ಮುಂಚಿನ ಈ ತಿಂಗಳುಗಳಲ್ಲಿ ಇನ್ನೊಂದು ಅಪಾಯವಿದೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ದಿನಗಟ್ಟಲೆ ಸಾಗಿಬಂದು, ಇಲ್ಲಿ ಗಾಳಿ ಮಳೆ ಏನೂ ಇಲ್ಲದಾಗ ದಡಕ್ಕೆ ನುಗ್ಗುತ್ತವೆ. ಕೇರಳದವರು ಇದನ್ನು ಕಳ್ಳಕಡಲು ಎನ್ನುತ್ತಾರೆ. ಇನ್‌ಕಾಯ್ಸ್ ಎಚ್ಚರಿಕೆ ಕೊಟ್ಟ ದಿನ ಅಳಿವೆಯ ತಡೆಗೋಡೆಯ ಕಲ್ಲಿನ ಮೇಲೆ ಕಾಲಿಡಬೇಡಿ. ಮರಳು ತೆಗೆದ ಹೊಳೆಗಳಲ್ಲಿ ಮೊಣಕಾಲು ನೀರಿನ ಪಕ್ಕದಲ್ಲೇ ಎರಡಾಳು ಗುಂಡಿ ಇರುತ್ತದೆ. ವಿದ್ಯುದಾಗಾರದ ಕೆಳಗಿನ ಹೊಳೆಗಳಲ್ಲಿ ಬಿಸಿಲಿದ್ದಾಗಲೇ ನೀರು ಏರಬಹುದು. ಒಬ್ಬರೇ ಹೋಗಬೇಡಿ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093.

ಕಾನೂನು, ಕಟ್ಟುಪಾಡು

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರಿಕ ದೋಣಿಗಳಿಗೆ. ದಡದ ಗಾಳ ಅದರಡಿ ಬರುವುದಿಲ್ಲ. ಸಿಹಿನೀರಿನ ಕೆರೆ, ಜಲಾಶಯಗಳ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಆದ್ದರಿಂದ ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ತೋಟೆ ಸಿಡಿಸುವುದು, ವಿಷ ಹಾಕುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯ ಪ್ರಕಾರ ಅಪರಾಧ. ಕಂಡರೆ ಸುಮ್ಮನಿರಬೇಡಿ. ವನ್ಯಧಾಮಗಳ ಒಳಗಿನ ಹೊಳೆಗಳಿಗೆ ಗಾಳ ಒಯ್ಯುವಂತಿಲ್ಲ. ಶಿಶಿಲದ ಮತ್ಸ್ಯತೀರ್ಥದಂಥ ದೇವಸ್ಥಾನದ ಗುಂಡಿಗಳಲ್ಲಿ ಪೆರುವೋಳು ಮೀನುಗಳು ಉಳಿದಿರುವುದು ಊರವರ ಕಟ್ಟುಪಾಡಿನಿಂದ. ಆ ಗುಂಡಿಗಳ ಮೇಲೆ, ಕೆಳಗೆ ಕೂಡ ಗಾಳ ಹಾಕದಿರುವುದು ಒಳ್ಳೆಯದು. ಕಡಲಾಮೆ ಸಿಕ್ಕಿಕೊಂಡರೆ ದಾರವನ್ನು ಬಾಯಿಯ ಹತ್ತಿರವೇ ಕತ್ತರಿಸಿ ಬಿಟ್ಟುಬಿಡಿ.

ಕೊನೆಯದಾಗಿ ಋತು ಮುಗಿಸುವ ಹೊತ್ತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಸಿಹಿನೀರಿನ ಮೀನುಗಳು ಮೊಟ್ಟೆ ತುಂಬಿಕೊಂಡು ತೋಡು, ಗದ್ದೆಗಳಿಗೆ ಹತ್ತುತ್ತವೆ. ಹತ್ತುಮೀನು ಹಿಡಿಯುವುದು ಊರಿನ ಹಳೆಯ ಸಂಭ್ರಮವೇ ಹೌದು. ಆದರೆ ಈಗ ಗದ್ದೆಗಳು ಕಡಿಮೆಯಾಗಿವೆ, ತೋಡುಗಳಿಗೆ ಕಾಂಕ್ರೀಟು ಬಿದ್ದಿದೆ, ಹತ್ತಿ ಬರುವ ಮೀನೂ ಕಡಿಮೆ. ಹೊಳೆ ಕೆಂಪಾದ ದಿನ ಗಾಳ, ಕತ್ತಿ, ಟಾರ್ಚು ಎಲ್ಲವನ್ನೂ ಮನೆಯಲ್ಲಿಡಿ. ಮೊಟ್ಟೆಯಿಟ್ಟು ಅವು ಹೊಳೆಗೆ ಮರಳುವವರೆಗೆ ದಾರಿ ಬಿಡಿ.